ಮೂರನೆಯ ಹೂಂ

ಮೊದಲೇ ಹೇಳಿಬಿಡ್ತೀನಿ, ನನ್ನ ಮಾತಿಗೆ ಹೂಂಗುಟ್ಟಬೇಡಿ. ಕೇಳುವವರು ಹೂಂ ಅನ್ನದಿದ್ದರೆ ಹೇಳುವವರಿಗೆ ಹುರುಪು ಬರುವುದಿಲ್ಲ ಅಂತಾರೆ, ಗೊತ್ತು. ನನಗೆ ಹುರುಪು ಜಾಸ್ತಿಯಾಗಿಯೇ ಇಷ್ಟೆಲ್ಲ ಆಗಿದ್ದು. ಸುಮ್ಮನೆ ಕೂತು ಕೇಳಿ.

ನಮ್ಮದು ಬಿಳಿ ಊರು. ಗೋಡೆ ಬಿಳಿ, ಬೀದಿ ಬಿಳಿ, ಬಾವಿಕಟ್ಟೆ ಬಿಳಿ. ಗಾಳಿ ಬೀಸಿದರೆ ಎಮ್ಮೆಯೂ ಬಿಳಿ. ಊರ ನಡುವೆ ಒಂದು ಕಲ್ಲಿದೆ, ಹೂಂಗಲ್ಲು ಅಂತ ಹೆಸರು. ಹೊತ್ತು ನೆತ್ತಿಗೆ ಬಂದಾಗ ಆ ಕಲ್ಲಿನ ಮೇಲೆ ಕೈಯಿಟ್ಟು ಯಾರಾದರೂ ಒಬ್ಬರ ವಿಷಯ ಹೇಳಬೇಕು. ಸುತ್ತ ನಿಂತ ಊರು ಮೂರು ಸಲ ಹೂಂ ಅನ್ನಬೇಕು. ಆಗ ಅವರು ಇದ್ದಾರೆ. ಹೇಗೆ ಹೇಳಿದರೋ ಹಾಗೆಯೇ ಇದ್ದಾರೆ. ಹೇಳದೆ ಉಳಿದವರು, ಹೇಳದೆ ಮುಚ್ಚಿಟ್ಟವರು ಕಣ್ಣಿಗೆ ಬೀಳುವುದಿಲ್ಲ. ಇದೇ ನಮ್ಮ ಕಟ್ಟಳೆ. ಯಾರು ಮಾಡಿದ್ದು ಅಂತ ಕೇಳಿದವರಿಲ್ಲ.

ಹೆತ್ತ ಮನೆಯಲ್ಲಿ ಹನ್ನೊಂದು ದಿನ ತಾಯಿ ಬರಿದೋಳು ತೂಗುತ್ತಾ ಕೂತಿರುತ್ತಾಳೆ. ಅಳು ಕೇಳುತ್ತದೆ, ಮಗು ಕಾಣುವುದಿಲ್ಲ. ಹನ್ನೆರಡನೆಯ ದಿನ ಕಲ್ಲಿನ ಹತ್ತಿರ ತಂದು ಹೇಳಿಸುತ್ತಾರೆ. ಮೊದಲ ಹೂಂಗೆ ಪಾದ, ಎರಡನೆಯ ಹೂಂಗೆ ಕತ್ತಿನವರೆಗೆ, ಮೂರನೆಯ ಹೂಂಗೆ ಮುಖ. ಆಮೇಲೆ ಮೂಗು ಯಾರ ಹಾಗಿದೆ ಅಂತ ಜಗಳ.

ಹೇಳುವ ಕೆಲಸ ನನ್ನದು. ಯಾರೂ ಕೊಟ್ಟಿದ್ದಲ್ಲ, ನಾನೇ ತಗೊಂಡಿದ್ದು. ದೊಡ್ಡಮನೆಯ ಯಜಮಾನ ಏಳು ವರ್ಷ ಅಟ್ಟದ ಮೇಲೆ ಒಬ್ಬಳನ್ನು ಇಟ್ಟುಕೊಂಡಿದ್ದ. ಬಳೆ ಸದ್ದು ಕೇಳುತ್ತಿತ್ತು, ಬಡಿಸಿದ ತಟ್ಟೆ ಖಾಲಿಯಾಗುತ್ತಿತ್ತು, ದೊಡ್ಡಮನೆಯಮ್ಮ "ಬೆಕ್ಕು ಕಣ್ರೇ" ಅಂತಿದ್ದಳು. ಬಳೆ ತೊಟ್ಟ ಬೆಕ್ಕು! ನಾನು ಕಲ್ಲಿನ ಮೇಲೆ ಕೈಯಿಟ್ಟೆ. ಮೊದಲ ಹೂಂಗೆ ಕಾಲುಂಗುರ ಬಂತು. ಮೂರನೆಯ ಹೂಂಗೆ ನೋಡಿದರೆ ಎಣ್ಣೆ ಅಂಗಡಿಯವಳ ತಂಗಿ! ಅಂದಿನಿಂದ ಎಣ್ಣೆ ಅಂಗಡಿಯವಳು ನನ್ನ ಜೊತೆ ಮಾತು ಬಿಟ್ಟಳು, ತಾನೂ ಕಲ್ಲಿನ ಮೇಲೆ ಕೈಯಿಡಲು ಶುರುಮಾಡಿದಳು. ಅವಳ ಮಾತಿನಲ್ಲಿ ಉಪ್ಪಿಲ್ಲ, ಖಾರವಿಲ್ಲ. ಎರಡನೆಯ ಹೂಂಗೇ ಜನ ಆಕಳಿಸುತ್ತಿದ್ದರು.

ಇನ್ನು ಸುಣ್ಣದ ವಿಷಯ. ಬೆಳಗಾದರೆ ನಮ್ಮೂರಿನ ಪ್ರತಿ ಹೊಸಿಲ ಮೇಲೆ ಎಲೆದೊನ್ನೆಯಲ್ಲಿ ಸುಣ್ಣ ಇರುತ್ತದೆ, ಬೆಣ್ಣೆಯ ಹಾಗೆ. ವೀಳ್ಯಕ್ಕೆ ಅದೇ, ಗೋಡೆಗೂ ಅದೇ. ಯಾರು ತಂದಿಡುತ್ತಾರೆ? ಯಾರೂ ಇಲ್ಲ. ಇಬ್ಬನಿ ಬಿದ್ದ ಹಾಗೆ ಸುಣ್ಣ ಬೀಳುತ್ತದೆ ಅಂದುಕೊಂಡಿದ್ದೆವು. ಊರ ಕೆಳಗೆ ಸುಣ್ಣದ ಗೂಡುಗಳಿಂದ ಹೊಗೆ ಏಳುವುದನ್ನು ದಿನಾ ನೋಡುತ್ತಿದ್ದೆವು. ಆ ಹೊಗೆಯ ಕೆಳಗೆ ಬೆಂಕಿಯಿದೆ, ಬೆಂಕಿಯ ಮುಂದೆ ಯಾರಾದರೂ ಇರಬೇಕು ಅಂತ ಹೊಳೆಯಲಿಲ್ಲ. ಗಾಳಿಯಲ್ಲಿ ಕೆಮ್ಮು ಕೇಳಿದರೆ ಗಾಳಿಗೇ ಕೆಮ್ಮು ಅಂದುಕೊಂಡೆವು. ಎಪ್ಪತ್ತು ವರ್ಷ ಅಂದುಕೊಂಡೆ ನಾನು. ಊರವರ ಅಟ್ಟದ ಬೆಕ್ಕನ್ನೆಲ್ಲ ಹಿಡಿದವಳು ನಾನು!

ಒಂದು ಬೆಳಿಗ್ಗೆ ಎಲೆಗೆ ಸುಣ್ಣ ಬೇಕಾಗಿ ಹೊಸಿಲಿಗೆ ಕೈ ಚಾಚಿದೆ. ಕೈಗೆ ಸುಣ್ಣ ಸಿಗಲಿಲ್ಲ, ಕೈ ಸಿಕ್ಕಿತು.

ಪುಟ್ಟ ಕೈ. ಬಿಸಿ. ಒಡೆದ ನೆಲದ ಹಾಗೆ ಬಿರುಕು. ಕಣ್ಣಿಗೆ ಏನೂ ಕಾಣುತ್ತಿಲ್ಲ, ನನ್ನ ಮುಷ್ಟಿಯೊಳಗೆ ಐದು ಬೆರಳು ಒದ್ದಾಡುತ್ತಿವೆ. ನಾನು ಬಿಡುತ್ತೇನೆಯೇ?

"ಬಿಡಜ್ಜೀ, ಉರೀತದೆ."

"ಯಾರು ನೀನು?"

"ಯಾರೂ ಅಲ್ಲ."

"ಯಾರೂ ಅಲ್ಲದವರಿಗೆ ಐದು ಬೆರಳು ಯಾಕೆ ಬೇಕಿತ್ತು? ಹೆಣ್ಣೋ ಗಂಡೋ?"

"ಹೆಣ್ಣು. ಬಿಡು ಅಜ್ಜೀ, ಇನ್ನೂ ಎಂಟು ಬಾಗಿಲು ಅವೆ."

"ಏನೇ ಇದು ಅಂಗೈ? ಕೆಂಡದಲ್ಲಿ ಸುಟ್ಟ ಬದನೆಕಾಯಿ ಇದ್ದ ಹಾಗಿದೆ."

"ಸುಣ್ಣ ಜರಡಿ ಹಿಡಿದ್ರೆ ಹಂಗೇ ಆಗೋದು. ನಮ್ಮ ಗೂಡುಕೇರಿ ಮಕ್ಕಳಿಗೆಲ್ಲ ಹಂಗೇ."

ಗೂಡುಕೇರಿ! ಮಕ್ಕಳು! ನನ್ನ ಬಾಯಲ್ಲಿ ನೀರೂರಿತು, ಸುಳ್ಳು ಯಾಕೆ ಹೇಳಲಿ. ಊರಿಗೆ ಊರೇ ಕಾಣದ ಸುದ್ದಿ ನನ್ನ ಮುಷ್ಟಿಯಲ್ಲಿತ್ತು. "ಎಷ್ಟು ಮಕ್ಕಳೇ?" ಅಂದೆ. ಅವಳಿಗೆ ಹತ್ತರ ಮುಂದೆ ಎಣಿಕೆ ಬಾರದು. ನನ್ನ ಅಂಗೈ ಬಿಡಿಸಿ, ಬೆರಳಿಂದ ಒತ್ತಿ ಒತ್ತಿ, ಒಬ್ಬೊಬ್ಬರ ಹೆಸರು ಗೊಣಗಿಕೊಳ್ಳುತ್ತಾ ಎಣಿಸಿದಳು. "ಒಂದು ಹತ್ತು. ಇನ್ನೊಂದು ಹತ್ತು. ಮತ್ತೊಂದು. ಇನ್ನೊಂದು. ನಾಲ್ಕು ಹತ್ತು."

"ಅಪ್ಪ?"

"ಅಪ್ಪಂದಿರೆಲ್ಲ ಗುಡ್ಡದ ಆಚೆ ಕಲ್ಲು ಒಡೀತಾರೆ. ಮಳೆಗೆ ಬತ್ತಾರೆ."

"ಅವ್ವ?"

"ಅಗೋ, ಪಕ್ಕದ ಬಾಗಿಲಲ್ಲಿ ಇಡ್ತಾವ್ಳೆ. ನಮ್ಮವ್ವನ ದೊನ್ನೆ ಗುರುತು ಸಿಗ್ತದೆ ನೋಡು. ಬೇರೆಯವರು ಒಂದು ಕಡ್ಡಿ ಚುಚ್ತಾರೆ, ಅವ್ವ ಎರಡು ಚುಚ್ತಾಳೆ. ಸೋರಿ ನನ್ನ ಕೈಗೆ ಬೀಳಬಾರ್ದು ಅಂತ."

ಅಷ್ಟರಲ್ಲಿ ನನ್ನ ಕಿವಿಯ ಹತ್ತಿರವೇ ಹೆಂಗಸಿನ ದನಿ. "ಬಿಡ್ರವ್ವಾ. ಕೂಸು ತಪ್ಪು ಮಾಡಿದ್ರೆ ನನಗೆ ಹೊಡೀರಿ."

"ಹೊಡೆಯೋದಲ್ಲ ಕಣೇ ತಾಯಿ. ನಿಮ್ಮನ್ನ ಕಲ್ಲಿನ ಮೇಲೆ ಹೇಳ್ತೀನಿ. ಮೊದಲು ನಿನ್ನ ಮಗಳು, ಆಮೇಲೆ ನೀನು, ಆಮೇಲೆ ಇಡೀ ಕೇರಿ. ಈ ಕೈ ನೋಡಿದ ಮೇಲೆ ನಮ್ಮೂರವರು ಮಕ್ಕಳನ್ನ ಗೂಡಿಗೆ ಬಿಡ್ತಾರಾ?"

"ಹೇಳೋದಾದ್ರೆ ಇದ್ದಿದ್ದು ಇದ್ದ ಹಾಗೆ ಹೇಳವ್ವ."

"ನನಗೇ ಕಲಿಸ್ತೀಯ?" ಅಂದೆ.

ಆ ಮಧ್ಯಾಹ್ನ ಕಲ್ಲಿನ ಮೇಲೆ ಕೈಯಿಟ್ಟೆ. ಇಡೀ ಊರು ನಿಂತಿತ್ತು. ನನ್ನ ಪಕ್ಕದಲ್ಲೇ ಎಲ್ಲೋ ಹುಡುಗಿ ನಿಂತಿದ್ದಳು, ಉಸಿರು ನನ್ನ ಮೊಣಕೈಗೆ ತಾಗುತ್ತಿತ್ತು. "ನಮ್ಮೂರಲ್ಲಿ ಒಬ್ಬಳು ಹುಡುಗಿ ಇದ್ದಾಳೆ" ಅಂದೆ. "ಹೂಂ" ಅಂದರು. ನೆಲದ ಮೇಲೆ ಎರಡು ಪಾದ ಮೂಡಿದವು, ಒಂದು ಹೆಬ್ಬೆರಳಿಗೆ ಚಿಂದಿ ಕಟ್ಟಿತ್ತು. "ಅವಳ ಕೈ ಸುಟ್ಟಿದೆ, ನಾವು ತಿನ್ನುವ ಸುಣ್ಣಕ್ಕೆ ಸುಟ್ಟಿದೆ" ಅಂದೆ. "ಹೂಂ" ಅಂದರು, ಸ್ವಲ್ಪ ಸಣ್ಣಗೆ. ಕತ್ತಿನವರೆಗೆ ಬಂದಳು. ಹರಕು ಲಂಗ. ಒಂದು ಕೈ ಪಕ್ಕಕ್ಕೆ ಎತ್ತಿ, ಏನನ್ನೋ ಹಿಡಿದ ಹಾಗೆ ಬೆರಳು ಮಡಚಿದ್ದಳು. ಕಂಡೆ. ಅರ್ಥವಾಗಲಿಲ್ಲ.

ಅಲ್ಲಿಗೆ ಊರು ಸುಮ್ಮನಾಯಿತು. ಸುಣ್ಣದ ಮಾತು ಎತ್ತಿದೆನಲ್ಲ, ಅದು ಯಾರಿಗೂ ರುಚಿಸಲಿಲ್ಲ. ದೊಡ್ಡಮನೆಯ ಯಜಮಾನ ವೀಳ್ಯ ಉಗಿದು, "ಅವಳಿಗೆ ಅವ್ವ ಇಲ್ವೇನಜ್ಜಿ? ಇದ್ರೆ ಅವಳು ನೋಡ್ಕೊಳ್ಳಲಿ. ಹೆತ್ತೋಳಿಗಿಲ್ಲದ ಕಾಳಜಿ ನಮಗ್ಯಾಕೆ?" ಅಂದ. "ಅದೂ ಸರೀನೇ" ಅಂದರು ಯಾರೋ. ಎಣ್ಣೆ ಅಂಗಡಿಯವಳು ಉದ್ದಕ್ಕೆ ಆಕಳಿಸಿದಳು, ಬೇಕಂತಲೇ. ನೋಡುತ್ತೇನೆ, ಮುಖವಿಲ್ಲದ ಹುಡುಗಿಯ ಪಾದ ಮಸುಕಾಗುತ್ತಿದೆ. ಚಿಂದಿ ಹೋಯಿತು. ಹೆಬ್ಬೆರಳು ಹೋಯಿತು. ಮೂರನೆಯ ಹೂಂ ಬರದಿದ್ದರೆ ಈ ಕೂಸು ಹೋಯಿತು. ಜೊತೆಗೆ ನನ್ನ ಹೆಸರೂ ಹೋಯಿತು, ಅದನ್ನೂ ಹೇಳಬೇಕಲ್ಲ.

ನನ್ನ ಬಾಯಿ ತಾನಾಗಿಯೇ ತೆರೆಯಿತು.

"ಅವ್ವ ಎಲ್ಲಿದ್ದಾಳೆ ಯಜಮಾನ್ರೇ? ಉರಿಯೋ ಗೂಡಿಗೆ ಬಿದ್ದು ಬೂದಿಯಾದಳು! ಈ ಕೂಸು ದಂಡೆ ಮೇಲೆ ನಿಂತು ಕೈ ಚಾಚಿತಂತೆ, ಸಿಕ್ಕಿದ್ದು ಸೆರಗಿನ ತುದಿ ಮಾತ್ರ!"

ಊರೇ ಬಿಕ್ಕಿತು. ಬಿಕ್ಕುತ್ತಲೇ "ಹೂಂ" ಅಂದಿತು. ಅಂಥ ಹೂಂ ನಾನು ಜನ್ಮದಲ್ಲಿ ಕೇಳಿರಲಿಲ್ಲ, ಕಲ್ಲು ನಡುಗಿತು. ಹುಡುಗಿಗೆ ಮುಖ ಬಂತು. ಆರೋ ಏಳೋ ವರ್ಷದ ಮುಖ, ರೆಪ್ಪೆಯ ಮೇಲೂ ಸುಣ್ಣ. ಎಲ್ಲರೂ ತನ್ನನ್ನು ನೋಡುತ್ತಿದ್ದಾರೆ ಅಂತ ಮೊದಲು ಅವಳು ನಕ್ಕಳು.

ಆಮೇಲೆ ಪಕ್ಕಕ್ಕೆ ಎತ್ತಿದ ಅವಳ ಕೈಯಲ್ಲಿ, ಹಿಡಿದಿದ್ದ ಬೆರಳುಗಳು ತಟ್ಟನೆ ತಮ್ಮೊಳಗೇ ಮುಚ್ಚಿಕೊಂಡವು. ನಡುವೆ ಇದ್ದದ್ದು ಇಲ್ಲವಾದ ಹಾಗೆ.

"ಅವ್ವಾ?" ಅಂದಳು.

ಅಯ್ಯೋ ನನ್ನ ಹಾಳು ಬಾಯೇ. ಅವ್ವ ಅಲ್ಲೇ ನಿಂತಿದ್ದಳು! ಮಗಳ ಕೈ ಹಿಡಿದು ಕಲ್ಲಿನ ಪಕ್ಕದಲ್ಲೇ ನಿಂತಿದ್ದಳು. ಹೇಗೆ ಹೇಳಿದರೋ ಹಾಗೆಯೇ ಇರಬೇಕು, ಅದೇ ಕಟ್ಟಳೆ. ಹೇಳದವರನ್ನಾದರೂ ಮುಟ್ಟಬಹುದು, ದನಿ ಕೇಳಬಹುದು. ಸತ್ತಳು ಅಂತ ಹೇಳಿ ಊರು ಹೂಂ ಅಂದವಳನ್ನು ಮುಟ್ಟುವುದಕ್ಕೂ ಆಗುವುದಿಲ್ಲ.

ಹುಡುಗಿ ಗಾಳಿಯಲ್ಲಿ ಕೈಯಾಡಿಸಿದಳು. ಹೆಂಗಸರು "ಪಾಪ, ಅವ್ವನ್ನ ಹುಡುಕ್ತಾ ಇದೆ" ಅಂತ ಇನ್ನೂ ಅತ್ತರು. ಒಬ್ಬಳು ಬೆಲ್ಲ ತಂದಳು, ಒಬ್ಬಳು ಹಾಲು ತಂದಳು. ದೊಡ್ಡಮನೆಯಮ್ಮ ಮಡಿಲಿಗೆ ಎತ್ತಿಕೊಂಡು ಹೊರಟೇಹೋದಳು. ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಆಮೇಲಿನದು ಕೇಳಿ. ದೊಡ್ಡಮನೆಗೆ ಬಂದವರೆಲ್ಲ ಹುಡುಗಿಯನ್ನು ನೋಡಬೇಕು. "ಅಂಗೈ ತೋರ್ಸು ಕೂಸೇ" ಅಂತ ದೊಡ್ಡಮನೆಯಮ್ಮ. ಹುಡುಗಿ ತೋರಿಸಬೇಕು, ಬಂದವರು ಕಣ್ಣು ಒರೆಸಿಕೊಳ್ಳಬೇಕು, "ನಿಮ್ಮದು ದೊಡ್ಡ ಮನಸ್ಸು ತಾಯಿ" ಅನ್ನಬೇಕು. ಎಣ್ಣೆ ಅಂಗಡಿಯವಳಿಗೆ ಹೊಟ್ಟೆ ಉರಿಯಿತು. ಹೊಸಿಲ ಮೇಲೆ ಕಾದು ಕೂತು ಅವಳೂ ಒಂದು ಕೈ ಹಿಡಿದಳು. ಕಲ್ಲಿನ ಮೇಲೆ ಆ ಮಗುವಿನ ಅವ್ವನನ್ನು ಹಾವಿನ ಬಾಯಿಗೆ ಕೊಟ್ಟಳು. ಮಾತಿಗೆ ಉಪ್ಪು ಬಂದಿತ್ತು ಈಗ. ಊರು ಅತ್ತಿತು, ಹೂಂ ಅಂದಿತು. ಮುಂದಿನ ವಾರ ಹೂವಿನವಳು ಒಬ್ಬಳನ್ನು ಬಾವಿಗೆ ಹಾಕಿದಳು. ಎಲ್ಲರಿಗೂ ಒಂದೊಂದು ಕೂಸು ಬೇಕಾಯಿತು, ಎಲ್ಲ ಕೂಸಿಗೂ ಸತ್ತ ಅವ್ವ ಬೇಕಾಯಿತು. ಮೂರು ತಿಂಗಳಲ್ಲಿ ಹನ್ನೊಂದು ಜನ ತಾಯಂದಿರನ್ನು ಕೊಂದೆವು ನಾವು, ಕಣ್ಣೀರು ಹಾಕುತ್ತಾ, ಹೂಂಗುಟ್ಟುತ್ತಾ. ನಮ್ಮಂಥ ಕರುಳಿರುವ ಊರು ಇನ್ನೊಂದಿಲ್ಲ ಅಂತ ಮಾತಾಡಿಕೊಂಡೆವು.

ಮತ್ತೆ ಬೆಳಿಗ್ಗೆ ಸುಣ್ಣ? ಅದು ಎಂದಿನ ಹಾಗೆ ಹೊಸಿಲ ಮೇಲೆ ಬರುತ್ತಲೇ ಇತ್ತು.

ಹುಡುಗಿ ದಿನಾ ನನ್ನ ಮನೆಗೆ ಓಡಿ ಬರುತ್ತಿದ್ದಳು. ಅಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಹೊಸಿಲ ಮೇಲೆ ಕೂತು ಒಂದೇ ಮಾತು.

"ಅಜ್ಜೀ, ನಮ್ಮವ್ವನ್ನ ಎಲ್ಲಿಟ್ಟೆ?"

ಏನೋ ವಸ್ತು ಎರವಲು ಕೊಟ್ಟವಳ ಹಾಗೆ ಕೇಳುತ್ತಿದ್ದಳು.

"ಹಾಲು ಕೊಡ್ತಾರಲ್ಲೇ ನಿನಗೆ ಅಲ್ಲಿ? ರೇಷ್ಮೆ ಲಂಗ ಹಾಕ್ಯಾರಲ್ಲೇ?"

"ಹೂಂ. ಅವ್ವನ್ನ ಎಲ್ಲಿಟ್ಟೆ?"

ಒಂದು ದಿನ ಬಂದವಳು ಹೊಸಿಲ ಮೇಲಿನ ದೊನ್ನೆಯನ್ನೇ ನೋಡುತ್ತಾ ಕೂತಳು. ನಾನೂ ನೋಡಿದೆ. ಎರಡು ಕಡ್ಡಿ. ಕೈಗೆ ಸೋರಬಾರದು ಅಂತ ಚುಚ್ಚಿದ ಎರಡನೆಯ ಕಡ್ಡಿ. ಮಗಳು ಆಡುವ ಹೊಸಿಲಿಗೆ ಅವಳ ಅವ್ವ ದಿನಾ ಬರುತ್ತಿದ್ದಾಳೆ, ಮಗಳ ಪಕ್ಕದಲ್ಲೇ ಬಗ್ಗುತ್ತಿದ್ದಾಳೆ, ಇಟ್ಟು ಹೋಗುತ್ತಿದ್ದಾಳೆ. ನಾನು ಗಾಳಿಗೆ ಕೈ ಹಾಕಿದೆ. ಬಿಸಿ ಮಾತ್ರ ತಾಗಿತು, ಮುಷ್ಟಿಗೆ ಏನೂ ಬರಲಿಲ್ಲ.

"ತೋರ್ಸು ನಿನ್ನ ಕೈ" ಅಂದೆ, ಏನಾದರೂ ಮಾತಾಡಬೇಕಲ್ಲ ಅಂತ. ತೋರಿಸಿದಳು. ಮೂರು ತಿಂಗಳ ಹಾಲು ಬೆಲ್ಲಕ್ಕೆ ಮಾಯಬೇಕಿದ್ದ ಗಾಯ ಹಸಿಯಾಗಿತ್ತು.

"ಇದೇನೇ, ಮಾಯಲೇ ಇಲ್ಲ?"

"ಮಾಯ್ತದೆ. ನೆಂಟರು ಬರೋ ದಿನ ದೊಡ್ಡಮ್ಮ ಸುಣ್ಣ ಹಚ್ತಾರೆ. ಮಾಯ್ದ ಕೈ ನೋಡಿದ್ರೆ ಯಾರೂ ಅಳಲ್ವಂತೆ."

ಬಾಯಲ್ಲಿದ್ದ ವೀಳ್ಯ ಉಗಿದುಬಿಟ್ಟೆ. ಮನೆ ಮನೆ ಹೊಲಸು ಮೂಗಿಗೆ ಹಿಡಿದು ಬದುಕಿದವಳು ನಾನು. ಇಂಥದ್ದು ಕಂಡಿರಲಿಲ್ಲ. ಇದರ ಬುಡ ಹುಡುಕಿದರೆ ನನ್ನ ನಾಲಿಗೆಯೇ ಸಿಗುತ್ತಿತ್ತು.

ಕಲ್ಲಿನ ಮೇಲೆ ಹೇಳಿದ್ದನ್ನು ವಾಪಸು ತೆಗೆದುಕೊಳ್ಳಬಹುದು, ಕಟ್ಟಳೆಯಲ್ಲಿ ದಾರಿಯಿದೆ. ನೀರು ಕಾಣದ ಸುಣ್ಣದ ಹರಳು ಇರುತ್ತದಲ್ಲ, ನೀರು ತಾಗಿದರೆ ಕೊತಕೊತ ಕುದಿಯುವಂಥದ್ದು, ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಹೇಳಬೇಕು. ಈವರೆಗೆ ಯಾರೂ ವಾಪಸು ತೆಗೆದುಕೊಂಡಿರಲಿಲ್ಲ. ಯಾಕೆ ಅಂತ ಬೇರೆ ಹೇಳಬೇಕೇ?

ಯಜಮಾನನಿಗೆ ಮೊದಲೇ ತಿಳಿಸಿದೆ. ಅವನು ನಗಲಿಲ್ಲ, ರೇಗಲಿಲ್ಲ. ಬುದ್ಧಿ ಹೇಳಿದ.

"ಸತ್ತೋಳನ್ನ ಎಬ್ಬಿಸಿ ಏನ್ ಮಾಡ್ತೀಯಜ್ಜಿ? ಊರೆಲ್ಲ ಅತ್ತಾಯ್ತು. ಆ ಕಣ್ಣೀರು ಎಲ್ಲಿಗೆ ಹೋಗ್ಬೇಕು? ನಮ್ಮ ಮನೆಯಾಕೆ ಮಡಿಲು ಖಾಲಿ ಆಗ್ಬೇಕಾ?"

"ಇನ್ನೊಬ್ಬಳ ಮಡಿಲು ಖಾಲಿ ಮಾಡಿ ತುಂಬಿಸಿದ್ದು ಸ್ವಾಮಿ ಅದು."

"ಮಾಡಿದ್ದು ಯಾರು?"

"ನಾನೇ. ಅದಕ್ಕೇ ಬಂದಿರೋದು."

ಹೊತ್ತು ನೆತ್ತಿಗೆ ಬಂತು. ಕಲ್ಲಿನ ಮೇಲೆ ಕೈಯಿಟ್ಟೆ. ನಾಲಿಗೆ ಚಾಚಿ ಹರಳು ಇಟ್ಟುಕೊಂಡೆ. ಅಮ್ಮಾ! ಎಂಜಲು ತಾಗಿದ್ದೇ ತಡ, ಬಾಯೊಳಗೇ ಗೂಡು ಹೊತ್ತಿಕೊಂಡಿತು. ಜನ್ಮವೆಲ್ಲ ಮಾತನ್ನು ಎಳೆದೆಳೆದು ಉದ್ದ ಮಾಡಿದವಳು ನಾನು, ಆವತ್ತು ಎಳೆಯುವುದಕ್ಕೆ ಪುರುಸೊತ್ತು ಇರಲಿಲ್ಲ, ಬಣ್ಣ ಹಚ್ಚುವುದಕ್ಕೂ ಇರಲಿಲ್ಲ.

"ಇವಳ ಅವ್ವ ಸತ್ತಿಲ್ಲ. ನಾನು ಸುಳ್ಳು ಹೇಳಿದೆ. ಗೂಡುಕೇರಿಯಲ್ಲಿ ನಲವತ್ತು ಮಕ್ಕಳಿದ್ದಾರೆ. ಅವ್ವಂದಿರಿದ್ದಾರೆ. ನಮ್ಮ ಸುಣ್ಣ ಅವರ ಕೈ."

ಅಷ್ಟೇ. ನಾಲಿಗೆ ಅಲ್ಲಿಗೆ ನಿಂತಿತು.

ಊರು ಹೂಂ ಅನ್ನಲಿಲ್ಲ. ಒಬ್ಬರೂ ಇಲ್ಲ. ಮುಖ ನೋಡುತ್ತೇನೆ, ಎಲ್ಲ ಮುಖ ನೆಲ ನೋಡುತ್ತಿವೆ. ಎಣ್ಣೆ ಅಂಗಡಿಯವಳು ತನ್ನ ಕೂಸನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ನನ್ನ ಗಲ್ಲದ ಮೇಲೆ ಬಿಸಿ ಇಳಿಯುತ್ತಿತ್ತು, ರಕ್ತವೋ ಸುಣ್ಣವೋ ತಿಳಿಯದು. ಮುಗಿಯಿತು ಅಂದುಕೊಂಡೆ. ನಾಲಿಗೆಯೂ ಹೋಯಿತು, ಅವಳೂ ಹೋದಳು.

"ಹೂಂ."

ದೊಡ್ಡಮನೆಯಮ್ಮನ ಮಡಿಲಿಂದ ಬಂತು. ಹುಡುಗಿ ಅಂದಿದ್ದು.

"ಛೀ, ಮಕ್ಕಳು ಹೂಂ ಅನ್ನಬಾರದು" ಅಂತ ದೊಡ್ಡಮನೆಯಮ್ಮ ಅವಳ ಬಾಯಿ ಮುಚ್ಚಿದಳು. "ಮಕ್ಕಳ ಹೂಂ ಲೆಕ್ಕಕ್ಕಿಲ್ಲ" ಅಂದ ಯಜಮಾನ. ಲೆಕ್ಕಕ್ಕಿಲ್ಲ ಅಂತ ನಾವು ಅಂದುಕೊಂಡಿದ್ದೆವು. ಕಲ್ಲಿಗೆ ಯಾರೂ ಹೇಳಿರಲಿಲ್ಲ. ನೋಡುನೋಡುತ್ತಿದ್ದ ಹಾಗೆ ನೆಲದ ಮೇಲೆ ಪಾದ ಮೂಡಿದವು. ಒಂದು ಜೊತೆಯಲ್ಲ. ಜನರ ನಡುವೆ, ಜನರ ಪಕ್ಕದಲ್ಲಿ, ಯಜಮಾನನ ಎರಡೂ ಕಡೆ, ದೊಡ್ಡ ಪಾದ, ಸಣ್ಣ ಪಾದ, ಬಿಳಿಬಿಳಿ ಪಾದ. ಊರು ಕಿಟಾರನೆ ಕಿರುಚಿತು.

"ಹೂಂ!" ಅಂದವು ಉಳಿದ ಹತ್ತು ಮಕ್ಕಳು, ಹತ್ತು ಮಡಿಲಿಂದ.

ಮೈ ಬಂದವು. ಕತ್ತಿನವರೆಗೆ. ತಲೆಯ ಮೇಲಿನ ಬುಟ್ಟಿ ಹಿಡಿಯಲು ಎತ್ತಿದ ತೋಳು, ಸುಣ್ಣ ಮೆತ್ತಿದ ಸೀರೆ, ಸೊಂಟದ ಪಕ್ಕ ನಿಂತ ಪುಟ್ಟ ಲಂಗ ಚಡ್ಡಿಗಳು. ಮುಖವಿಲ್ಲದ ಜನ ಊರ ತುಂಬಾ ನಿಂತಿದ್ದರು. ಎಷ್ಟು ಹತ್ತಿರ ಅಂದರೆ ಒಬ್ಬಳ ತೋಳು ಎಣ್ಣೆ ಅಂಗಡಿಯವಳ ತೋಳಿಗೆ ಒತ್ತಿತ್ತು. ಇನ್ನೊಬ್ಬಳ ಬರಿಗೈ ದೊಡ್ಡಮನೆಯಮ್ಮನ ಮಡಿಲಿನತ್ತ ಚಾಚಿ ಹಾಗೇ ನಿಂತಿತ್ತು. ಮೂರು ತಿಂಗಳಿಂದ ಚಾಚಿಕೊಂಡೇ ಇತ್ತೋ ಏನೋ.

ಮೂರನೆಯ ಹೂಂ ಯಾರು ಅನ್ನಬೇಕು? ಮಕ್ಕಳ ಬಾಯಿ ಈಗ ಮುಚ್ಚಿದ್ದರು. ಊರು ಹಲ್ಲು ಕಚ್ಚಿ ನಿಂತಿತ್ತು. ಪಾದ ಮಸುಕಾಗತೊಡಗಿದವು.

ಆಗ ಬಂತು ಅದು. ಯಾವ ಬಾಯಿಯೂ ಇಲ್ಲದ ಕಡೆಯಿಂದ, ಆ ಕತ್ತುಗಳ ಮೇಲಿನ ಬರಿ ಗಾಳಿಯಿಂದ, ಎಪ್ಪತ್ತು ವರ್ಷ ನಾವು ಗಾಳಿಯ ಕೆಮ್ಮು ಅಂದುಕೊಂಡಿದ್ದ ಕಡೆಯಿಂದ.

"ಹೂಂ."

ಮುಖ ಬಂದವು.

ದೊಡ್ಡಮನೆಯಮ್ಮನ ಕೈ ತಾನಾಗಿಯೇ ಸಡಿಲಾಯಿತು. ಹುಡುಗಿ ಮಡಿಲಿಂದ ಜಾರಿ ಇಳಿದು, ಓಡಲಿಲ್ಲ, ನಡೆದುಕೊಂಡು ಹೋಗಿ ಚಾಚಿದ ಕೈಯನ್ನು ಹಿಡಿದುಕೊಂಡಳು. ಈ ಸಲ ಬೆರಳಿನ ನಡುವೆ ಬೆರಳು ಇತ್ತು.

ಅಂದಿನಿಂದ ಹೊಸಿಲ ಮೇಲೆ ಸುಣ್ಣ ಬೀಳುವುದಿಲ್ಲ. ಬೇಕಾದವರು ದೊನ್ನೆ ಹಿಡಿದು ಗೂಡುಕೇರಿಗೆ ಇಳಿಯಬೇಕು, ಬೆಂಕಿಯ ಮುಂದೆ ನಿಂತವರನ್ನು ನೋಡಿಯೇ ತರಬೇಕು. ದೊಡ್ಡಮನೆಯಮ್ಮ ವೀಳ್ಯ ಬಿಟ್ಟಿದ್ದಾಳಂತೆ. ಬಿಡಲಿ. ಜರಡಿಯ ಹತ್ತಿರ ಈಗ ಮಕ್ಕಳಿಲ್ಲ. ನನಗೆ ನಾಲಿಗೆ ಇಲ್ಲ, ಬಾಯಲ್ಲಿರುವುದು ಒಂದು ಸುಟ್ಟ ತುಂಡು. ಹುಡುಗಿ ಊರ ಮಕ್ಕಳ ಜೊತೆ ಅಕ್ಷರ ಕಲಿತಳು, ಕಲಿತಿದ್ದನ್ನು ನನ್ನ ಗೋಡೆಯ ಮೇಲೆ ಇದ್ದಿಲಿನಿಂದ ನನಗೆ ಕಲಿಸಿದಳು. ಹಾಗೆ ಬರೆದದ್ದು ಇದು.

ಬರೆದದ್ದನ್ನೆಲ್ಲ ಅವಳು ಅವ್ವನಿಗೆ ಓದಿ ಹೇಳುತ್ತಾಳೆ. ಅವ್ವ ಹೊಸಿಲ ಮೇಲೆ ಕೂತು ಕೇಳುತ್ತಾಳೆ. ಇವತ್ತು 'ನಲವತ್ತು ಮಕ್ಕಳು' ಅನ್ನುವಲ್ಲಿಗೆ ಬಂದಾಗ ಅವ್ವ ಕೈಯೆತ್ತಿ ತಡೆದಳು.

"ಎಲ್ಲ ಸೇರಿ ಕಲ್ಲಿನ ಹತ್ತಿರ ಮುಖ ಬಂದಿದ್ದು ಮೂವತ್ತೆಂಟು ಮಕ್ಕಳಿಗೆ."

ನಾನು ಹುಡುಗಿಯ ಕಡೆ ನೋಡಿದೆ. ನಾಲ್ಕು ಹತ್ತು ಅಂತ ನನ್ನ ಅಂಗೈ ಮೇಲೆ ಒತ್ತಿದವಳು ಅವಳೇ.

"ನಾನು ಅವರಿಬ್ಬರನ್ನೂ ಎಣಿಸಿದ್ದೆ ಅಜ್ಜೀ" ಅಂದಳು. "ನೀನು ನನ್ನ ಕೈ ಹಿಡಿಯೋಕೆ ಮೊದಲೇ ಗೂಡಿಗೆ ಬಿದ್ದವರು."

ಗೂಡಿಗೆ ಬಿದ್ದವರು. ಊರು ಅಳಲಿ ಅಂತ ನಾನು ಕಟ್ಟಿದ ಸುಳ್ಳು ಅಲ್ಲಿ ಮೊದಲೇ ನಿಜವಾಗಿ ಕೂತಿತ್ತು. ಅವಳು ಹೆಸರು ಹೇಳಿ ಹೇಳಿ ಎಣಿಸಿದ್ದಳು. ಯಾರ ಹೆಸರು ಯಾವುದು ಅಂತ ನಾನು ಒಂದು ಸಲವೂ ಕೇಳಿರಲಿಲ್ಲ. ಎಲ್ಲ ಕೇಳುವವಳು ನಾನು.

ಅವ್ವ ಸೆರಗು ಸರಿಮಾಡಿಕೊಂಡು ನನ್ನ ಎದುರಿಗೆ ತಿರುಗಿ ಕೂತಳು. "ಬಿದ್ದೋರಲ್ಲಿ ದೊಡ್ಡದಕ್ಕೆ ಒಂಬತ್ತು ವರ್ಷ" ಅಂದಳು. ಆಮೇಲೆ ನನ್ನ ಮುಖ ನೋಡುತ್ತಾ ಕಾದಳು.

ನನ್ನ ಈ ಸುಟ್ಟ ಬಾಯಲ್ಲಿ ಈಗ ಹೊರಡುವುದು ಒಂದೇ ಸದ್ದು. ತುಟಿ ಮುಚ್ಚಿಕೊಂಡೇ ಹೊರಡುತ್ತದೆ.

"ಹೂಂ" ಅಂದೆ. ಅವಳು ಹೇಳತೊಡಗಿದಳು.